ಡಾಕ್ಟರಿಗೊಂದು ಕೆಂಪಂಚಿನ ಕೋಟು

ಹಿರೇಬಾವಿಯ ಈಶಪ್ಪ ತನ್ನ ಜೀವಮಾನದಲ್ಲಿ ನೋಡಿದ್ದು ಒಂದೇ ಟಾಕಿ ಸಿನಿಮಾ. ಅದನ್ನೂ ಪೂರ್ತಿ ನೋಡಿರಲಿಲ್ಲ. ಹೊಲಿಗೆಯ ದಾರ ತರಲೆಂದು ಗಂಗಾವತಿಗೆ ಹೋದವನು ಅಲ್ಲಿ ಡೇರೆ ಹಾಕಿದ್ದ ಟಾಕಿಗೆ ಹೊಕ್ಕ. ಕಥೆ ಮುಕ್ಕಾಲು ಆಗುವಷ್ಟರಲ್ಲಿ ದೊಡ್ಡ ಗಾಳಿ ಎದ್ದು, ಡೇರೆ ಹಾರಿ ಪಕ್ಕದ ಗದ್ದೆಯಲ್ಲಿ ಬಿತ್ತು. ಟಾಕಿಯ ಮಾತೆಲ್ಲ ಹಿಂದೂಸ್ತಾನಿ. ಈಶಪ್ಪನಿಗೆ ಬರುತ್ತಿದ್ದ ಹಿಂದೂಸ್ತಾನಿಯೆಂದರೆ ಸರ್ಕಾರಿ ಜವಾನರು ಬೈಯುವಾಗ ಬಳಸುವಷ್ಟು. ಆದರೂ ತನಗೆ ತಿಳಿಯಲಿಲ್ಲವೆಂದು ಅವನಿಗೆ ಅನಿಸಲೇ ಇಲ್ಲ. ಗುಡಿಯಲ್ಲಿ ಪುರಾಣ ಓದುವಾಗ ಷಟ್ಪದಿಯ ಒಂದೊಂದು ಮಾತೂ ತಿಳಿದೇ ನಾವು ತಲೆದೂಗುತ್ತೇವೆಯೇ? ಕಣ್ಣಲ್ಲಿ ನೀರು ಬರಬೇಕಾದ ಕಡೆ ಬರುತ್ತದೆ. ಈಶಪ್ಪನಿಗೂ ಬಂದಿತ್ತು.

ಅವನು ಸಿಂಪಿಗ. ಊರ ನಡುವಿನ ಕಟ್ಟೆಯ ಪಕ್ಕದಲ್ಲಿ ಒಂದು ಅಂಕಣದ ಅಂಗಡಿ, ಅದರ ಹಿಂದೆಯೇ ಮನೆ. ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ನು ಹಿರೇಬಾವಿಗೆಲ್ಲ ಅವನದೊಂದೇ. ಗಂಗಾವತಿಯಿಂದ ಬಂದ ಮೇಲೆ ಆ ಅಂಗಡಿಯಲ್ಲಿ ದಿನವೂ ಟಾಕಿಯ ಪಾರಾಯಣ ನಡೆಯತೊಡಗಿತು.

"ಡಾಕ್ಟರ ಬಂದ್ನಪಾ," ಎಂದು ಈಶಪ್ಪ ಕತ್ತರಿ ಕೆಳಗಿಡುತ್ತಿದ್ದ. "ಹೆಂಗ ಬಂದ? ಮೊಣಕಾಲ ಮುಟ್ಟುವಂಥಾ ಬಿಳಿ ಕೋಟು. ಕೊಳ್ಳಾಗ ರಬ್ಬರಿನ ನಳಗಿ. ಅಂವ ಒಳಗ ಹೆಜ್ಜಿ ಇಟ್ಟಕೂಡ್ಲೆ ಮನಿಮಂದಿ ಅಳೂದು ನಿಂತಿತು. ಬಾಗಿಲಾ ಹಾಕಿದ್ರು. ಬಾಗಿಲ ಮ್ಯಾಲೆ ಕೆಂಪು ದೀಪ ಹತ್ತಿತು. ಹಡದ ತಾಯಿ ದೇವರ ಮುಂದ ಕುಂತು ಪದಾ ಹಾಡಿದ್ಲು. ಪದಾ ಮುಗಿಯೂದರೊಳಗ ಬಾಗಿಲಾ ತೆಗೀತು. ಡಾಕ್ಟರ ಹಣಿ ಒರಿಸ್ಕೊಂಡು ಹೊರಗ ಬಂದು ಒಂದs ಮಾತು ಅಂದ."

"ಏನಂದ?" ಎಂದು ಕೇಳುವವರು ಕೇಳುತ್ತಿದ್ದರು.

"ಅದು ಹಿಂದೂಸ್ತಾನಿ. ಆದ್ರ ಎಲ್ಲಾರೂ ಕೈ ಮುಗದ್ರು. ಮುಂದಿನ ಚಿತ್ರದಾಗ ರೋಗಿ ತ್ವಾಟದಾಗ ನಿಂತು ಹಾಡಾಕತ್ತಿದ್ದ."

ಸರ್ಕಾರಿ ದವಾಖಾನೆಯ ಕಂಪೌಂಡರ್ ಅಂದಪ್ಪ ಒಮ್ಮೆ ಅಂಗಿಗೆ ಗುಂಡಿ ಹಾಕಿಸಲು ಬಂದವನು ಇದನ್ನೆಲ್ಲ ಕೇಳಿ, "ರೋಗ ಯಾವುದಂತೋ?" ಎಂದ.

ಈಶಪ್ಪ ಗುಂಡಿಯ ದಾರವನ್ನು ಹಲ್ಲಿನಿಂದ ಕಡಿದ. "ರೋಗ ತೋರಿಸಲಿಲ್ಲ. ಕೋಟು ತೋರಿಸಿದ್ರು."

ಇಂಥ ತಿಳುವಳಿಕೆಯ ಮನುಷ್ಯನಿಗೆ ಆ ಬೇಸಿಗೆಯಲ್ಲಿ ನಾರು ಆಯಿತು.

ನಾರೆಂದರೆ ಈಗಿನವರಿಗೆ ಹೇಳಬೇಕು. ಮೆಟ್ಟಿಲ ಬಾವಿಯ ನೀರು ಕುಡಿದವರ ಮೈಯಲ್ಲಿ ವರುಷವಿಡೀ ಸದ್ದಿಲ್ಲದೆ ಬೆಳೆಯುವ ಹುಳ ಅದು. ನೋಡಲು ಬಿಳಿಯ ದಾರದಂತೆ. ಬೇಸಿಗೆಗೆ ಕಾಲಲ್ಲಿ ಬೊಬ್ಬೆಯೆದ್ದು, ಅದು ಒಡೆದು, ದಾರದ ತುದಿ ಹೊರಗೆ ಇಣುಕುತ್ತದೆ. ಆ ವರ್ಷ ಹಿರೇಬಾವಿಯಲ್ಲಿ ನಾರು ಏಳದ ಮನೆಯನ್ನು ಹುಡುಕಬೇಕಿತ್ತು. ಈಶಪ್ಪನಿಗೆ ಎದ್ದದ್ದು ಬಲಗಾಲಿಗೆ, ಪಾದದ ಹರಡಿನ ಮೇಲೆ. ಬಲಗಾಲೆಂದರೆ ಮಿಷನ್ನು ತುಳಿಯುವ ಕಾಲು. ಗಂಡ, ಹೆಂಡತಿ ಕಳಕಮ್ಮ, ಹೊಟ್ಟೆಗೆ ಎರಡು ಹೊತ್ತಿನ ರೊಟ್ಟಿ, ಎಲ್ಲವೂ ನಿಂತಿದ್ದು ಆ ಒಂದು ಕಾಲಿನ ಮೇಲೆ.

ಕಳಕಮ್ಮ ಗಾಬರಿಯಾದಳು. ಈಶಪ್ಪ ಆಗಲಿಲ್ಲ. ತೊಳೆದ ಅಂಗಿ ತೊಟ್ಟು, ವಿಭೂತಿ ಧರಿಸಿ, ಹೆಂಡತಿಗೆ "ಪದಾ ಯಾವುದಾದ್ರೂ ಒಂದು ನೆನಪು ಮಾಡಿಕೊಂಡಿರು" ಎಂದು ಹೇಳಿ, ಕುಂಟುತ್ತ ದವಾಖಾನೆಗೆ ಹೊರಟ.

ದವಾಖಾನೆಯ ಡಾಕ್ಟರು ರಸೂಲಸಾಬರು. ಕನಕಗಿರಿಯ ಕಡೆಯವರು, ಹೈದರಾಬಾದಿನಲ್ಲಿ ಓದಿ ಬಂದವರು. ಕುಳ್ಳಗೆ, ಗುಂಡಗೆ. ತೋಳು ಮಡಚಿದ ಹಳೆಯ ಅಂಗಿ, ಅದರ ಮೇಲೆ ಕೆಂಪು ಔಷಧದ ಕಲೆ, ಬಾಯಲ್ಲಿ ಎಲೆಯಡಿಕೆ. ಈಶಪ್ಪ ಹೋದಾಗ ಅವರು ಸೈಕಲ್ಲನ್ನು ತಲೆಕೆಳಗು ಮಾಡಿ ಚೈನು ಹಾಕುತ್ತಿದ್ದರು.

"ಏನೋ ಈಶಪ್ಪ? ಹಾಂ, ನಾರು. ಕುಂದ್ರು," ಎಂದರು. ಕೈ ತೊಳೆದು ಬಂದು, ಬೋಗುಣಿಯ ನೀರಿನಲ್ಲಿ ಅವನ ಕಾಲು ಇಡಿಸಿದರು. ತಣ್ಣಗಾದ ಕೂಡಲೆ ಬಿಳಿಯ ತುದಿ ಹೊರಗೆ ಬಂತು. ಡಾಕ್ಟರು ಒಂದು ಕಡ್ಡಿಪೆಟ್ಟಿಗೆಯ ಕಡ್ಡಿ ತೆಗೆದುಕೊಂಡರು. ಆ ತುದಿಯನ್ನು ಕಡ್ಡಿಗೆ ಸುತ್ತಿ, ಉಸಿರು ಬಿಗಿಹಿಡಿದು, ನಿಧಾನಕ್ಕೆ ಒಂದು ಬೆರಳಿನಗಲ ಎಳೆದುಕೊಂಡರು. ಕಡ್ಡಿಯನ್ನು ಕಾಲಿಗೇ ಒರಗಿಸಿ ಪಟ್ಟಿ ಕಟ್ಟಿದರು.

"ಇವತ್ತಿಗೆ ಆತು. ನಾಳೆ ಬಾ."

ಈಶಪ್ಪ ಬಾಗಿಲ ಮೇಲೆ ನೋಡಿದ. ಅಲ್ಲಿ ದೀಪವಿರಲಿಲ್ಲ. ಒಂದು ಗುಬ್ಬಿಯ ಗೂಡಿತ್ತು. "ಮುಗೀತೇನ್ರಿ?"

"ಎಲ್ಲಿ ಮುಗೀತೋ? ಒಂದೂವರಿ ಮಳ ಇರತೈತಿ ಇದು. ದಿನಾ ಒಂದು ಬಟ್ಟು ಸುತ್ತಬೇಕು. ತಿಂಗಳಾ ಹಿಡಿತೈತಿ. ನಡುವ ಹರೀತಂದ್ರ ಒಳಗ ಕೀವಾಗಿ ಕಾಲು ಹೋಗತೈತಿ, ನೆನಪಿಡು. ಮಿಷನ್ನ ತುಳೀಬ್ಯಾಡ. ಬಾಂವ್ಯಾಗ ಇಳೀಬ್ಯಾಡ. ಕುಡಿಯೂ ನೀರು ಬಟ್ಟಿಲೆ ಸೋಸಿ ಕುಡೀರಿ."

"ಮತ್ತ ಆಪರೇಷನ್ನು?"

"ಯಾರಿಗೆ?" ಎಂದು ಕೇಳಿ ಡಾಕ್ಟರು ಸೈಕಲ್ಲಿನ ಚೈನಿನ ಕಡೆ ತಿರುಗಿದರು.

ಈಶಪ್ಪನಿಗೆ ಆದ ದುಃಖವನ್ನು ಏನೆಂದು ಹೇಳುವುದು! ಎಂಟು ದಿನ ಹೋದ. ಎಂಟು ಬೆರಳಿನಗಲ ದಾರ ಬಂತು. ಯಾರೂ ಅಳಲಿಲ್ಲ, ಯಾರೂ ಎದ್ದು ನಿಲ್ಲಲಿಲ್ಲ. ಡಾಕ್ಟರು ಒಂದು ದಿನ ಅವನ ಕಾಲು ಹಿಡಿದುಕೊಂಡೇ ಇನ್ನೊಬ್ಬನಿಗೆ "ಬೇಧಿ ನಿಂತ್ಯೇನೋ?" ಎಂದು ಕೂಗಿ ಕೇಳಿದರು. ಇಂಥ ಮಾತು ಟಾಕಿಯಲ್ಲಿ ಎಲ್ಲಿಯಾದರೂ ಬರುವುದುಂಟೆ? ಒಂಬತ್ತನೆಯ ದಿನ ಮಂಚದ ಮೇಲೆ ಮಲಗಿ ಯೋಚಿಸುತ್ತಿದ್ದ ಈಶಪ್ಪನಿಗೆ ಕಾರಣ ಥಟ್ಟನೆ ಹೊಳೆಯಿತು. ಡಾಕ್ಟರಲ್ಲಿ ದೋಷವಿಲ್ಲ. ಕೋಟಿಲ್ಲ!

ಸಿಂಪಿಗನ ಬುದ್ಧಿ ಸಿಂಪಿಗನ ದಾರಿಯಲ್ಲೇ ಓಡಬೇಕಲ್ಲವೆ? ಟಾಕಿಯ ಆ ಕೋಟು ಅವನ ಕಣ್ಣಿಗೆ ಕಟ್ಟಿತ್ತು. ಮುಂದೆ ಐದು ಗುಂಡಿ, ಎದೆಗೊಂದು ಜೇಬು, ಪಕ್ಕಕ್ಕೆರಡು, ಬೆನ್ನಿಗೊಂದು ಪಟ್ಟಿ. ಡಾಕ್ಟರ ಅಳತೆಯೂ ಸಿಕ್ಕಿತ್ತು. ಎಂಟು ದಿನ ಅವರು ತನ್ನ ಮುಂದೆ ಬಗ್ಗಿ ಕೂತಿದ್ದಾಗ ಕಣ್ಣಲ್ಲೇ ಬೆನ್ನು, ಭುಜ, ಹೊಟ್ಟೆ ಎಲ್ಲ ಅಳೆದಾಗಿತ್ತು. ಇಲ್ಲದ್ದೆಂದರೆ ಬಟ್ಟೆ. ಯುದ್ಧದ ಕಾಲ. ಬಟ್ಟೆಗೆ ಕಂಟ್ರೋಲು ಬಂದು, ಇದ್ದವರೂ ತೇಪೆ ಹಾಕಿಸಿಕೊಳ್ಳುತ್ತಿದ್ದರು. ಈಶಪ್ಪ ಎದ್ದು ಪೆಟ್ಟಿಗೆ ತೆಗೆದ. ಯುಗಾದಿಗೆಂದು ಅಳವಂಡಿಯಿಂದ ಕಳಕಮ್ಮನ ಅಣ್ಣ ಕರಿಬಸಪ್ಪ ಕೊಟ್ಟುಹೋದ ಹೊಸ ಧೋತರದ ಜೋಡಿ ಅಲ್ಲಿತ್ತು. ತೆಳ್ಳಗೆ, ಬೆಳ್ಳಗೆ, ಬೆರಳಗಲದ ಕೆಂಪು ಅಂಚಿನದು.

"ಅದು ನಮ್ಮಣ್ಣ ಕೊಟ್ಟ ಧೋತರ!" ಎಂದು ಕಳಕಮ್ಮ ಒಳಗಿನಿಂದ ಓಡಿ ಬಂದಳು.

"ಅದಕs ಕತ್ತರಿ ಹಾಕಾಕತ್ತೀನಿ. ಮಂದೀದಾದ್ರ ಕತ್ತರಿ ಹಾಕಾಕ ಬರತೈತೇನು?"

"ಆ ಡಾಕ್ಟರಿಗೆ ಕೋಟಿಲ್ಲಂತ ಯಾರು ಅತ್ತಾರ?"

"ರೋಗ ಅತ್ತೈತಿ. ರೋಗಕ್ಕ ಒಂದು ಮರ್ಯಾದಿ ಬ್ಯಾಡೇನು? ಎದುರಿಗೆ ಬಂದಾವ ಯಾರಂತ ತಿಳೀದ ಅದು ಹೆಂಗ ಹೊರಗ ಬರಬೇಕು? ಅದಕs ದಿನಾ ಒಂದು ಬಟ್ಟು ಬಂದು ಇಣಿಕಿ ನೋಡಿ ಹೊಳ್ಳಿ ಹೋಗತೈತಿ."

"ನಾರಿಗೆ ಕಣ್ಣು ಅದಾವೇನು?"

ಈಶಪ್ಪನ ಉತ್ತರ ಕೈಯಲ್ಲೇ ಇತ್ತು. ಕತ್ತರಿ ಹಾಕಿಬಿಟ್ಟ.

ಮೊದಲು ಕೈಯಲ್ಲೇ ಹೊಲಿದ. ಗುಂಡಿ, ಕಾಜಾ, ಜೇಬು ಎಲ್ಲ ಕೈಯಲ್ಲೇ ಆದವು. ಆದರೆ ಉದ್ದನೆಯ ಹೊಲಿಗೆಗಳು ಬಾಕಿ. ಮರುದಿನ ಮಧ್ಯಾಹ್ನ ಕಳಕಮ್ಮ ನೀರಿಗೆ ಹೋದ ಹೊತ್ತು ನೋಡಿ ಮಿಷನ್ನಿಗೆ ಕೂತ. ಎಡಗಾಲಲ್ಲಿ ಮಾತ್ರ ತುಳಿಯುತ್ತೇನೆಂದು ಮನಸ್ಸಿನಲ್ಲಿ ಆಣೆ ಮಾಡಿಕೊಂಡ. ಹದಿನೈದು ವರ್ಷ ಜೊತೆಯಲ್ಲಿ ದುಡಿದ ಬಲಗಾಲು ಇದನ್ನು ಹೇಗೆ ಸಹಿಸೀತು? ಸುಮ್ಮನೆ ಬಂದು ಎಡಗಾಲಿನ ಪಕ್ಕದಲ್ಲಿ ಕೂತಿತು. ಆಮೇಲೆ ತಾನೂ ತುಳಿಯಿತು. ಕೆಳಗಿನ ಕೆಂಪಂಚನ್ನು ಹೊಲಿಯುವಾಗ ಪಟ್ಟಿಯ ಒಳಗೆ ಏನೋ ಸಡಿಲಾದಂತಾಯಿತು. ಬಿಚ್ಚಿ ನೋಡಿದರೆ ಕಡ್ಡಿ ಕೈಗೇ ಬಂತು. ಅದರ ಮೇಲೆ ಸುತ್ತಿದ್ದ ದಾರವೂ ಬಂತು. ಉಳಿದದ್ದು ಒಳಗೆ ಹೋಗಿತ್ತು.

ಬೇರೆ ಯಾರಾದರೂ ಆಗಿದ್ದರೆ ಎದ್ದು ಓಡುತ್ತಿದ್ದರು. ಸಿಂಪಿಗನಿಗೆ ದಾರ ಹರಿಯುವುದೆಂದರೆ ದಿನಕ್ಕೆ ಇಪ್ಪತ್ತು ಸಲ ಆಗುವ ಮಾತು. "ಹರೀತು" ಎಂದುಕೊಂಡ. ಕಡ್ಡಿಯನ್ನು ಕಿಟಕಿಯಲ್ಲಿಟ್ಟು, ಪಟ್ಟಿ ಮತ್ತೆ ಕಟ್ಟಿ, ಅಂಚು ಪೂರ್ತಿ ಮಾಡಿದ.

ಬೆಳಗಾಗುವಷ್ಟರಲ್ಲಿ ಕಾಲು ಕುಂಬಳಕಾಯಿಯಂತೆ ಬಾತಿತ್ತು. ಈಶಪ್ಪ ಅದರ ಮೇಲೆ ಧೋತರ ಇಳಿಬಿಟ್ಟು, ಇಸ್ತ್ರಿ ಮಾಡಿದ ಕೋಟನ್ನು ಎರಡೂ ಕೈಯಲ್ಲಿ ಹಿಡಿದು, ಒಂಟಿಗಾಲಿನ ಕೊಕ್ಕರೆಯಂತೆ ದವಾಖಾನೆಯ ಅಂಗಳದಲ್ಲಿ ನಿಂತ.

"ಇದೇನೋ?" ಎಂದರು ರಸೂಲಸಾಬರು.

"ಕೋಟುರಿ. ಟಾಕ್ಯಾಗಿನ ಡಾಕ್ಟರದು. ನಿಮಗ ಅಂತ ಹೊಲದೀನ್ರಿ."

"ನನಗ್ಯಾಕೋ ಕೋಟು? ಈ ಬಿಸಲಾಗ?"

ಈಶಪ್ಪನ ಕಣ್ಣು ತುಂಬಿ ಬಂತು. ಅದು ಅರ್ಧ ಭಕ್ತಿಯಿಂದ, ಅರ್ಧ ಕಾಲುನೋವಿನಿಂದ ಎಂಬುದು ಡಾಕ್ಟರಿಗೆ ತಿಳಿಯಲಿಲ್ಲ. ಹತ್ತು ವರ್ಷದ ನೌಕರಿಯಲ್ಲಿ ಅವರಿಗೆ ಕೋಳಿ ಕೊಟ್ಟವರಿದ್ದರು, ಬೈಗುಳ ಕೊಟ್ಟವರಿದ್ದರು. ಮೈಯಳತೆಗೆ ಏನನ್ನಾದರೂ ಕೊಟ್ಟವರು ಯಾರೂ ಇರಲಿಲ್ಲ. ಸುಮ್ಮನೆ ತೋಳು ಚಾಚಿ ತೊಟ್ಟುಕೊಂಡರು. ಕೋಟು ಮೊಣಕಾಲಿನ ಕೆಳಗೂ ಒಂದು ಗೇಣು ಇಳಿಯಿತು. ಟಾಕಿಯ ಡಾಕ್ಟರು ಎತ್ತರದ ಆಳು.

"ಕಾಲು ಹೆಂಗೈತಿ?"

"ಛಲೋ ಐತ್ರಿ," ಎಂದು ಈಶಪ್ಪ ಸುಳ್ಳು ಹೇಳಿದ. ಕೋಟು ತನ್ನ ಕೆಲಸ ಮಾಡಲು ಸ್ವಲ್ಪ ಹೊತ್ತು ಕೊಡಬೇಕೆಂದು ಅವನ ಎಣಿಕೆ.

ಕೋಟು ಕೂಡಲೇ ಕೆಲಸ ಆರಂಭಿಸಿತು. ಪಡಸಾಲೆಯಲ್ಲಿ ಕೂತಿದ್ದ ಮೂವತ್ತು ರೋಗಿಗಳಲ್ಲಿ ಮೊದಲು ತಲೆಯೆತ್ತಿದವಳು ಮುದುಕಿ ಮುದಕಮ್ಮ. ಬಾಗಿಲಲ್ಲಿ ಉದ್ದನೆಯ ಬಿಳಿಯ ಕೋಟು ಕಂಡದ್ದೇ ತಡ, "ಯವ್ವಾ! ದೇವಿ ಹಾಕಾವ್ರು ಬಂದ್ರು! ಕೂಸುಗಳನ್ನ ಎತ್ತಿಕೊಳ್ರೇ!" ಎಂದು ಕೂಗಿದಳು. ಸಿಡುಬಿನ ಸೂಜಿ ಚುಚ್ಚುವವರ ಹೆಸರು ಕೇಳಿದರೆ ಆಗ ಊರೇ ಓಡುತ್ತಿತ್ತು. ಜ್ವರದವರು ಓಡಿದರು. ಕುಂಟುವವರು ಓಡಿದರು. ಮೂರು ದಿನದಿಂದ ಸೊಂಟ ಎತ್ತಲಾರೆನೆಂದು ಚಾಪೆಯ ಮೇಲೆ ಮಲಗಿದ್ದವನೊಬ್ಬ ಚಾಪೆಯನ್ನೂ ಸುತ್ತಿಕೊಂಡು ಓಡಿದ. ಟಾಕಿಯ ಡಾಕ್ಟರು ಒಬ್ಬನನ್ನು ಎಬ್ಬಿಸಲು ಒಂದು ಪೂರ್ತಿ ಪದ ತೆಗೆದುಕೊಂಡಿದ್ದರು. ಇಲ್ಲಿ ಎರಡು ನಿಮಿಷದಲ್ಲಿ ಮೂವತ್ತು ಜನ ಎದ್ದು ಹೋದದ್ದನ್ನು ಈಶಪ್ಪ ಕಣ್ಣಾರೆ ಕಂಡ.

ಎದುರಿನ ಚಾವಡಿಯಲ್ಲಿ ಆ ವಾರ ಕಂದಾಯದ ಅಧಿಕಾರಿ ಗಿರದಾವರರ ಮುಕ್ಕಾಮು. ಜನ ಓಡುವುದನ್ನು ನೋಡಿ ಅವರ ಜವಾನ ಚಾಂದಸಾಬ ಇಣುಕಿ ಬಂದು ವರದಿ ಒಪ್ಪಿಸಿದ. "ಹುಜೂರ್, ಹೈದ್ರಾಬಾದದಿಂದ ಭಾಳ ದೊಡ್ಡ ಡಾಕ್ಟರು ಬಂದಾರ್ರಿ. ಮೈತುಂಬ ಬಿಳಿ ಕೋಟು. ಕೆಳಗ ಸುತ್ತ ಕೆಂಪು ಪಟ್ಟಿ!"

"ಕೆಂಪು ಪಟ್ಟಿನಾ?" ಗಿರದಾವರರು ಧಡಕ್ಕನೆ ಎದ್ದರು. ಕೆಂಪು ಪಟ್ಟಿ ಯಾವ ಹುದ್ದೆಯದೋ ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಹುದ್ದೆಯೆಂದ ಮೇಲೆ ದೊಡ್ಡದೇ ಇರಬೇಕು. ಟೋಪಿ ಹುಡುಕಿಕೊಂಡು, ದಾರಿಯಲ್ಲೇ ಶೇರವಾನಿಯ ಗುಂಡಿ ಹಾಕಿಕೊಳ್ಳುತ್ತ ಬಂದರು.

ಅದೇ ಹೊತ್ತಿಗೆ ಅಳವಂಡಿಯಿಂದ ತಂಗಿಯ ಗಂಡನ ಕಾಲು ನೋಡಲೆಂದು ಬಂದ ಕರಿಬಸಪ್ಪ ದವಾಖಾನೆಯ ಮುಂದೆ ಬಂಡಿ ಇಳಿದ. ಇಳಿದವನ ಕಣ್ಣಿಗೆ ಮೊದಲು ಬಿದ್ದದ್ದು ಕೋಟಿನ ಕೆಳಗಿನ ಅಂಚು. ಎಲ್ಲೋ ನೋಡಿದ್ದೇನಲ್ಲ ಎಂದು ಹತ್ತಿರ ಹೋದ. ಬಗ್ಗಿದ. ಅಂಚನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಹಿಂದಿನಿಂದ ಬಂದ ಗಿರದಾವರರಿಗೆ ಕಂಡದ್ದಾದರೂ ಏನು? ಊರ ಯಜಮಾನನಂಥ ಮನುಷ್ಯನೊಬ್ಬ ನೆಲಕ್ಕೆ ಬಗ್ಗಿ ಸಾಹೇಬರ ಕೋಟಿನ ಅಂಚು ಮುಟ್ಟುತ್ತಿದ್ದಾನೆ! ಇದು ಹೊಸ ಪದ್ಧತಿಯಿರಬೇಕೆಂದು ತಾವೂ ಬಗ್ಗಿ ಇನ್ನೊಂದು ಕಡೆಯ ಅಂಚು ಮುಟ್ಟಿದರು.

"ಹುಜೂರ್ ಬರೋ ಸುದ್ದಿ ಮೊದಲ ಸಿಕ್ಕಿದ್ರ ಬಂದೋಬಸ್ತ್ ಮಾಡತಿದ್ದೆ," ಎಂದರು ಬಗ್ಗಿದಲ್ಲಿಂದಲೇ. "ಇಲ್ಲಿಯ ಡಾಕ್ಟರ ರಸೂಲಸಾಬ ಅಂತ ಒಬ್ಬ ಅದಾನ್ರಿ. ಹಾಜರಿಲ್ಲ ನೋಡ್ರಿ. ಯಾವಾಗ ನೋಡಿದ್ರೂ ಸೈಕಲ್ ಮ್ಯಾಲೆ ಊರೂರು ತಿರಗತಾನ."

"ಹೌದೇನ್ರಿ?" ಎಂದರು ರಸೂಲಸಾಬರು. "ಮೊನ್ನಿ ನಿಮ್ಮ ಬೆನ್ನಾಗಿನ ಕುರುವು ಕೊಯ್ದಾಗ ಹಾಜರಿದ್ನಲ್ರಿ ಆ ಮನುಷ್ಯಾ?"

ಗಿರದಾವರರು ತಲೆಯೆತ್ತಿದರು. ಮೊದಲು ಎಲೆಯಡಿಕೆಯ ಬಾಯಿ ಗುರುತಾಯಿತು, ಆಮೇಲೆ ಮನುಷ್ಯ. ಇನ್ನೊಂದು ಕಡೆಯಿಂದ ಕರಿಬಸಪ್ಪನೂ ತಲೆಯೆತ್ತಿ, "ಸಾಹೇಬ್ರ, ತಪ್ಪ ತಿಳೀಬ್ಯಾಡ್ರಿ, ನೀವು ಉಟ್ಟದ್ದು ನಮ್ಮ ಮನಿ ಧೋತರ," ಎಂದ.

ಇಷ್ಟರಲ್ಲಿ ಅಂದಪ್ಪ ಕೂಗಿದ: "ಸಾಹೇಬ್ರ, ಈಶಪ್ಪ ಬಿದ್ದ!"

ದವಾಖಾನೆಯಲ್ಲಿ ಮಂಚವಿರಲಿಲ್ಲ; ಎತ್ತಿಕೊಂಡು ಹೋಗಿ ಅವನ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಅಗಲ ಹಲಗೆಯ ಮೇಲೆ ಮಲಗಿಸಿದರು. ಮೈ ಕೆಂಡ. ಡಾಕ್ಟರು ಪಟ್ಟಿ ಬಿಚ್ಚಿ ಕಾಲು ನೋಡಿದರು. ಬಾಯಲ್ಲಿದ್ದ ಎಲೆಯಡಿಕೆಯನ್ನು ಹೊರಗೆ ಉಗುಳಿ ಬಂದರು. ರೋಗಿಯ ಮುಂದೆ ರಸೂಲಸಾಬರು ಎಲೆಯಡಿಕೆ ಉಗುಳಿದ್ದನ್ನು ಕಳಕಮ್ಮ ನೋಡಿದ್ದು ಅದೇ ಮೊದಲು.

"ಯಾವಾಗ ಹರೀತು?"

"ನಿನ್ನಿ ಮಧ್ಯಾಹ್ನರಿ."

"ಯಾಕ ಬರಲಿಲ್ಲ?"

"ಅಂಚು ಬಾಕಿ ಇತ್ರಿ," ಎಂದ ಈಶಪ್ಪ.

ಡಾಕ್ಟರು ಏನೋ ಬೈಯಲು ಬಾಯಿ ತೆರೆದರು. ತಮ್ಮ ಮೈಮೇಲಿನ ಕೋಟನ್ನು ನೋಡಿಕೊಂಡು ಬಾಯಿ ಮುಚ್ಚಿದರು. ಅದನ್ನು ಬಿಚ್ಚಿ ಗೂಟಕ್ಕೆ ಹಾಕಿ, ಅಂಗಿಯ ತೋಳು ಮಡಚಿದರು.

"ರಾಯಚೂರಿಗೆ ಒಯ್ಯೂಣೇನ್ರಿ?" ಎಂದು ಕರಿಬಸಪ್ಪ ಮೆಲ್ಲಗೆ ಕೇಳಿದ. "ಬಂಡಿ ಐತಿ."

"ಬಂಡಿಯಾಗ ಕುಲುಕ್ಯಾಡಿ ಅಲ್ಲಿ ಮುಟ್ಟೂದರೊಳಗ ವಿಷ ಮ್ಯಾಲೆ ಏರತೈತಿ. ಆಮ್ಯಾಲೆ ಅವರು ಕಾಲು ತೆಗೀತಾರ. ತಪ್ಪಲ್ಲ ಅವರದು, ಅದs ಮಾಡಬೇಕಾಗತೈತಿ." ಡಾಕ್ಟರು ಕಳಕಮ್ಮನ ಕಡೆ ತಿರುಗಿದರು. "ತಂಗಿ, ನನಗ ನಾಕು ದಿನ ಕೊಡು. ಕಾಲು ಉಳಸೂದು ನನ್ನ ಕೈಯಾಗ ಪೂರಾ ಇಲ್ಲ. ಆದ್ರ ಬಿಡೂದಿಲ್ಲ ನಾನು."

ಕಳಕಮ್ಮ ಮಿಷನ್ನಿನ ಮೇಲೆ ಕೈಯಿಟ್ಟು ನಿಂತಿದ್ದಳು. "ಮಾಡ್ರಿ ಅಣ್ಣಾ," ಎಂದಳು.

ನಾಲ್ಕು ದಿನವೂ ಡಾಕ್ಟರು ಹೊತ್ತು ಹೊತ್ತಿಗೆ ಬಂದರು. ಬಿಸಿನೀರಿನ ಶಾಖ, ಪಟ್ಟಿ, ಮತ್ತೆ ಶಾಖ. ನಡುವೆ ಸೈಕಲ್ಲೇರಿ ಪಕ್ಕದ ಊರಿಗೆ ಹೆರಿಗೆಗೆ ಹೋಗಿ, ಬಂದವರು ಮತ್ತೆ ಹಲಗೆಯ ಪಕ್ಕ ಕೂತರು. ನೆರೆಯವರು ಬಂದು ತಲೆಗೊಂದು ಮಾತು ಹೇಳಿದರು. ನಾಲ್ಕನೆಯ ದಿನ ಬೆಳಿಗ್ಗೆ, "ಇವತ್ತು ಕೊಯ್ಯಬೇಕು" ಎಂದರು ಡಾಕ್ಟರು.

ಜ್ವರದ ಅಮಲಿನಲ್ಲಿದ್ದ ಈಶಪ್ಪನ ಕಿವಿಗೆ ಆ ಮಾತು ಬಿತ್ತು. ಮುಖ ಅರಳಿತು. "ಆಪರೇಷನ್ನಾ? ಬಾಗಿಲಾ ಹಾಕ್ರಿ! ಕೆಂಪು ದೀಪ ಹಚ್ರಿ! ಕಳಕವ್ವಾ, ಪದಾ ಸುರು ಮಾಡು!"

"ಪದಾ ಹಾಡಕೋತ ಕುಂತ್ರ ನೀರು ಕಾಸಾವ್ರು ಯಾರು, ನಿಮ್ಮ ಟಾಕಿಯವ್ರಾ?" ಎಂದು ಕಳಕಮ್ಮ ಒಲೆಯ ಮುಂದಿನಿಂದ ಗದರಿದಳು. ಹೊಗೆಗೋ ಮತ್ತೆ ಯಾತಕ್ಕೋ, ಸೆರಗು ಕಣ್ಣಿನ ಮೇಲೆಯೇ ಇತ್ತು.

"ದೀಪ..." ಎಂದು ಈಶಪ್ಪ ಎದ್ದು ಕೂಡಲು ಹೋದ. ತಂಗಿಯ ಗಂಡನ ಹಟ ನೋಡಲಾರದೆ ಕರಿಬಸಪ್ಪ ತನ್ನ ಕೆಂಪು ರುಮಾಲು ಬಿಚ್ಚಿ ಬಾಗಿಲ ಮೇಲೆ ತೂಗುಹಾಕಿ, ಕದ ಎಳೆದ. ಅಂಗಡಿಯಲ್ಲಿ ಕತ್ತಲಾಯಿತು.

"ಯಾರಲೇ ಬಾಗಿಲಾ ಹಾಕಿದಾವ? ತೆಗೀರೋ! ಬೆಳಕು ಬೇಕು ನನಗ, ಬೆಳಕು!" ಎಂದು ಡಾಕ್ಟರು ಅರಚಿದರು.

ಹೀಗೆ ಹಿರೇಬಾವಿಯ ಆಪರೇಷನ್ನು ಬಾಗಿಲು ತೆರೆದು, ಅರ್ಧ ಊರಿನ ಎದುರಿಗೆ ನಡೆಯಿತು. ಕರಿಬಸಪ್ಪ ಭುಜ ಹಿಡಿದ. ಅಂದಪ್ಪ ಕಾಲು ಹಿಡಿದ. ಗೊಂದಲಕ್ಕೆ ಬಂದ ಒಂದು ಆಡನ್ನು ಚಾಂದಸಾಬ ಹಿಡಿದ. ಈಶಪ್ಪ ಕೂಗಿದ ಕೂಗಿಗೆ ಚಾವಡಿಯ ಗಿರದಾವರರು ಬೆನ್ನಿನ ಕುರುವು ಮುಟ್ಟಿ ನೋಡಿಕೊಂಡರಂತೆ. ಕೀವು ಹೋಯಿತು, ಅದರ ಜೊತೆ ಹರಿದ ನಾರೂ ತುಂಡುತುಂಡಾಗಿ ಹೋಯಿತು. ಟಾಕಿಯಲ್ಲಿ ಇದರ ವಾಸನೆ ಬರುವುದಿಲ್ಲ. ಡಾಕ್ಟರು ಮೂಗು ಮುಚ್ಚಿಕೊಳ್ಳಲಿಲ್ಲ. ತಾಯಿ ಕೂಸಿನ ಹೊಲಸು ಬಳಿದಂತೆ ಬಳಿದು, ತೊಳೆದು, ಬಟ್ಟೆ ತುರುಕಿ ಕಟ್ಟಿದರು.

ಮುಗಿಸಿ ಹೊರಗೆ ಬಂದು ಕೈ ತೊಳೆದರು. ತೋಳಿನಿಂದ ಹಣೆ ಒರೆಸಿಕೊಂಡರು. ಊರು ಉಸಿರು ಹಿಡಿದು ನಿಂತಿತ್ತು. ಈಶಪ್ಪನ ಟಾಕಿಯನ್ನು ನೂರು ಸಲ ಕೇಳಿದವರೇ ಎಲ್ಲ. ಈಗ ಆ ಒಂದು ಮಾತು ಬರಬೇಕು.

ಡಾಕ್ಟರು ಕಟ್ಟೆಯ ಮೇಲೆ ಕುಸಿದು ಕೂತು, "ತಂಗಿ, ರೊಟ್ಟಿ ಐತೇನವಾ?" ಎಂದರು. "ನಿನ್ನಿಯಿಂದ ಹೊಟ್ಟ್ಯಾಗ ಏನೂ ಬಿದ್ದಿಲ್ಲ."

ಕಳಕಮ್ಮ ಆಗ ಅತ್ತಳು. ಅಳುತ್ತಲೇ ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾದ ಹಿಂಡಿ ತಂದಿಟ್ಟಳು. ರೊಟ್ಟಿ ತಿನ್ನುವ ಮನುಷ್ಯ ಕೆಟ್ಟ ಸುದ್ದಿ ಇಟ್ಟುಕೊಂಡಿರಲಾರ ಎಂದು ಅವಳಿಗೆ ಗೊತ್ತಾಗಿತ್ತು. ನಾಲ್ಕು ರೊಟ್ಟಿ ತಿಂದ ಮೇಲೆ ಡಾಕ್ಟರು, "ಕಾಲು ಉಳೀತು," ಎಂದರು.

ಟಾಕಿಯಲ್ಲಿ ಆಪರೇಷನ್ನಿನ ಬಾಗಿಲಿಗೂ ತೋಟಕ್ಕೂ ನಡುವೆ ಒಂದು ಕಣ್ಣುರೆಪ್ಪೆಯಷ್ಟೇ ದೂರ. ಈಶಪ್ಪನಿಗೆ ಅದು ಹದಿನೆಂಟು ದಿನವಾಯಿತು. ಹದಿನೆಂಟು ದಿನವೂ ಬೆಳಿಗ್ಗೆ ಸೈಕಲ್ಲಿನ ಸದ್ದು, ಪಟ್ಟಿ ಬಿಚ್ಚುವಾಗ ಹಲ್ಲು ಕಚ್ಚುವುದು, "ಆತು ಆತು, ಮುಗೀತಪಾ" ಎಂಬ ಸುಳ್ಳು, ಹೊಸ ಪಟ್ಟಿ. ಟಾಕಿಯವರು ಈ ಹದಿನೆಂಟು ದಿನಗಳನ್ನು ಯಾವ ಪೆಟ್ಟಿಗೆಯಲ್ಲಿ ಇಟ್ಟು ಬಂದಿದ್ದರೋ! ಶಿವ ಕೊಟ್ಟ ದಿನಗಳಲ್ಲಿ ಹೆಚ್ಚಿನವು ಇಂಥವೇ. ಇವನ್ನು ಯಾರೂ ತೋರಿಸುವುದಿಲ್ಲ. ಯಾರೋ ಒಬ್ಬರು ಬಂದು ಮಾಡಿ ಹೋಗುತ್ತಾರೆ. ಮಲಗಿದಲ್ಲಿ ಈಶಪ್ಪ ಅದನ್ನೇ ನೆನೆಯುತ್ತಿದ್ದ, ಮತ್ತು ನೆನೆದಾಗೆಲ್ಲ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ.

ಹತ್ತೊಂಬತ್ತನೆಯ ದಿನ ರಸೂಲಸಾಬರು ಕಂಕುಳಲ್ಲಿ ಒಂದು ಗಂಟು ಇಟ್ಟುಕೊಂಡು ಬಂದರು. ಬಿಚ್ಚಿದರೆ ಅದೇ ಕೋಟು, ಒದ್ದೆಯಾಗಿತ್ತು.

"ಈಶಪ್ಪಾ, ಸಿಟ್ಟಾಗಬ್ಯಾಡ. ನಿನ್ನ ಕೋಟಿನಾಗ ನೀರು ಸೋಸಿ ನೋಡಿದೆ. ಏನ ಧೋತರೋ ಮಾರಾಯಾ, ಛಲೋ ಸೋಸತೈತಿ! ಮಡಚಿ ಕೊಡದ ಬಾಯಿಗೆ ಕಟ್ಟಿದ್ರ ಒಂದು ಹುಳಾ ಒಳಗ ಹೋಗೂದಿಲ್ಲ. ಈ ಕಂಟ್ರೋಲಿನ ಕಾಲದಾಗ ಊರಿಗೆ ಕೊಡಾಕ ನನ್ನ ಕಡೆ ಬ್ಯಾರೆ ಬಟ್ಟಿಲ್ಲ. ಮುಂದಿನ ವರ್ಷ ನಾರು ಏಳಬಾರದಂದ್ರ ಈ ವರ್ಷ ನೀರು ಸೋಸಬೇಕು." ಕೋಟನ್ನು ಮುಂದೆ ಚಾಚಿ, "ಹರೀಲೇನು?" ಎಂದರು.

ಈಶಪ್ಪ ಕೋಟನ್ನು ತೆಗೆದುಕೊಂಡ. ಎದೆಯ ಜೇಬನ್ನು ಬೆರಳಿನಿಂದ ಸವರಿದ. ಅಂಥ ಜೇಬನ್ನು ಅವನು ಮತ್ತೆ ಹೊಲಿದದ್ದಿಲ್ಲ.

"ನೀವು ಹರದ್ರ ಸೊಟ್ಟ ಹೋಗತೈತ್ರಿ," ಎಂದ. "ನಾನs ಕತ್ತರಿಸತೀನಿ."

ಇಪ್ಪತ್ತಾರು ಚೌಕಗಳಾದವು. ಅಂಚು ಮಡಚಿ ಹೊಲಿಯಬೇಕು, ಇಲ್ಲದಿದ್ದರೆ ಎಳೆ ಬಿಡುತ್ತದೆ. ಡಾಕ್ಟರು ಮಿಷನ್ನಿನ ಕಡೆ ಕಣ್ಣು ಮಾಡಿ, "ತುಳಿ ನೋಡೂಣು," ಎಂದರು. ಕಳಕಮ್ಮ ಬಾಗಿಲಿಗೆ ಬಂದು ನಿಂತಳು. ಬಲಗಾಲು ಹಲಗೆಯ ಮೇಲೆ ಬಂತು. ಮೊದಲು ನಡುಗಿತು. ಆಮೇಲೆ ತುಳಿಯಿತು. ಮೂರು ವಾರದ ಮೇಲೆ ಆ ಮಿಷನ್ನು ಕಟಕಟ ಎಂದಾಗ ಕಟ್ಟೆಯ ಮೇಲೆ ಕೂತಿದ್ದವರು ಸಹ ಮಾತು ನಿಲ್ಲಿಸಿ ಕೇಳಿದರು. ಅಳವಂಡಿಗೆ ಸುದ್ದಿ ಮುಟ್ಟಿ, ಕರಿಬಸಪ್ಪ ಇನ್ನೆರಡು ಹಳೆಯ ಧೋತರ ಕಳಿಸಿಕೊಟ್ಟ; "ಕೋಟು ಹೊಲೀಬ್ಯಾಡ ಅಂತ ಹೇಳು" ಎಂದು ಬಂಡಿಯವನ ಕೈಯಲ್ಲಿ ಹೇಳಿಯೂ ಕಳಿಸಿದ.

ಮೂರು ದಿನಕ್ಕೆ ಹೊಲಿಗೆಯೆಲ್ಲ ಮುಗಿಯಿತು. ಆಮೇಲೆ ಈಶಪ್ಪ ಒಂದು ತೆಂಗಿನಕಾಯಿ, ಎಲೆ, ಅಡಿಕೆ ತೆಗೆದುಕೊಂಡು ಡಾಕ್ಟರನ್ನು ಹುಡುಕಿಕೊಂಡು ಹೊರಟ. ಹೇಳಬೇಕಾದ ಮಾತನ್ನು ಹದಿನೆಂಟು ದಿನ ಮಲಗಿ ಕಟ್ಟಿಟ್ಟಿದ್ದ. ಪುರಾಣದವರು ಮಂಗಳ ಹಾಡುವಾಗ ಬರುವ ಸೊಗಸಿನ ಮಾತುಗಳೆಲ್ಲ ಅದರಲ್ಲಿದ್ದವು. ದವಾಖಾನೆಯಲ್ಲಿ ಡಾಕ್ಟರಿರಲಿಲ್ಲ. ಸೈಕಲ್ಲು ಮುದಕಮ್ಮನ ಮನೆಯ ಮುಂದೆ ಇತ್ತು.

ಒಳಗೆ ಡಾಕ್ಟರು ಕುಕ್ಕರುಗಾಲಲ್ಲಿ ಕೂತಿದ್ದರು. ಮುದಕಮ್ಮನ ಕಾಲು ಬೋಗುಣಿಯಲ್ಲಿತ್ತು.

"ಸಾಹೇಬ್ರ," ಎಂದು ಈಶಪ್ಪ ಗಂಟಲು ಸರಿಮಾಡಿಕೊಂಡ.

"ಬಂದ್ಯಾ? ಛಲೋ ಆತು. ಅಂದಪ್ಪ ಕುಷ್ಟಗಿಗೆ ಹೋಗ್ಯಾನ. ಈಕಿ ಕಾಲು ಅಳಗ್ಯಾಡಸ್ತಾಳ. ಹಿಡಿ ಇಲ್ಲಿ."

ಈಶಪ್ಪ ತೆಂಗಿನಕಾಯಿಯನ್ನು ಗೋಡೆಯ ಮಗ್ಗುಲಿಗಿಟ್ಟು, ಕೂತು ಕಾಲು ಹಿಡಿದ.

"ಸಾವಕಾಶೋ!" ಎಂದಳು ಮುದಕಮ್ಮ. "ಕಾಲು ಅದು, ನಿನ್ನ ಕತ್ತರಿ ಅಲ್ಲ. ಕಂಡ ಕಂಡಾವ್ರಿಗೆ ಕೋಟು ಹೊಲದು ಮಂದೀನ್ನ ಓಡಸ್ತಾನ. ಅವತ್ತ ಓಡಿದ್ದಕ್ಕs ನನಗ ಇದು ಎದ್ದೈತಿ."

"ಓಡಿದ್ರ ನಾರು ಏಳೂದಿಲ್ಲವಾ," ಎಂದ ಈಶಪ್ಪ. ಮತ್ತೆ ಡಾಕ್ಟರ ಕಡೆ ತಿರುಗಿದ. "ಸಾಹೇಬ್ರ, ನಾನು ಒಂದು ಮಾತು..."

"ಶ್!" ಎಂದರು ಡಾಕ್ಟರು. "ಮಾತಾಡಬ್ಯಾಡ. ಬರಾಕತ್ತೈತಿ."

ಬಿಳಿಯ ತುದಿ ನೀರಿನಲ್ಲಿ ಕಂಡಿತು. ಡಾಕ್ಟರ ದಪ್ಪ ಬೆರಳುಗಳು ಅದನ್ನು ಕಡ್ಡಿಗೆ ಮುಟ್ಟಿಸಿದವು. ಈಶಪ್ಪ ಈ ಕೆಲಸವನ್ನು ನೋವಿನ ಕಡೆಯಿಂದ ನೋಡಿದ್ದ, ಕೈಯ ಕಡೆಯಿಂದ ನೋಡಿರಲಿಲ್ಲ. ಡಾಕ್ಟರ ಮೂಗಿನ ತುದಿಯಲ್ಲಿ ಬೆವರಿನ ಹನಿ ಕೂಡಿ ನಿಂತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಈಶಪ್ಪ ತನ್ನ ಹೆಗಲ ಮೇಲಿನ ವಸ್ತ್ರದ ತುದಿಯಿಂದ ಅದನ್ನು ಮೆಲ್ಲಗೆ ಒರೆಸಿ, ಮತ್ತೆ ಎರಡೂ ಕೈಯಲ್ಲಿ ಕಾಲು ಹಿಡಿದ. ಕಡ್ಡಿ ಒಂದು ಸುತ್ತು ತಿರುಗಿತು. ಇನ್ನೊಂದು ಸುತ್ತು. ಅಲ್ಲಿಗೆ ನಿಂತಿತು.

"ಅಷ್ಟs ಏನು?" ಎಂದಳು ಮುದಕಮ್ಮ ನಿರಾಸೆಯಿಂದ.

ಡಾಕ್ಟರು ಎಲೆಯಡಿಕೆ ಅಗಿಯುತ್ತಿದ್ದರು. ಉತ್ತರ ಕೊಟ್ಟವನು ಈಶಪ್ಪ.

"ಇವತ್ತಿಗೆ ಇಷ್ಟs ಯವ್ವಾ. ನಾಳೆ ಬರತೀವಿ."